ಕಾರು ಸರ್ವಿಸ್‌ಗೆ ಬಿಟ್ಟಾಗ

ಸರ್ವಿಸ್ ಮುಗಿಸಿ ಬಂದ ಕಾರಿನಲ್ಲಿ ನಾವು ಮೊದಲು ನೋಡುವುದು ಅದರ ಮೈ. ಗಾಜು ಫಳಫಳ ಹೊಳೆಯುತ್ತಿದ್ದರೆ, ಡ್ಯಾಶ್‌ಬೋರ್ಡಿಗೆ ಪಾಲಿಶ್ ಬಿದ್ದಿದ್ದರೆ ಸಮಾಧಾನ. ಸೀಟಿನ ಕೆಳಗೆ ಕಡಲೆಕಾಯಿ ಸಿಪ್ಪೆ ಉಳಿದಿತ್ತೋ, ಕೂಡಲೇ ಫೋನು ಹೋಗುತ್ತದೆ. ಆಯಿಲ್ ಫಿಲ್ಟರ್ ಬದಲಾಯಿತೇ ಎಂದು ಕೇಳುವವರು ಮಾತ್ರ ಅಪರೂಪ. ಬಹಳ ದಿನದಿಂದ ನನ್ನನ್ನು ಕೊರೆಯುತ್ತಿರುವ ವಿಷಯ ಇದು. ತೊಳೆಯುವುದು ಸರ್ವಿಸಿನ ಕೊನೆಯ ಕೆಲಸ. ಅಸಲು ಕೆಲಸವೆಲ್ಲ ಕಣ್ಣಿಗೆ ಬೀಳದ ಕಡೆ ನಡೆಯುತ್ತದೆ.

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಮಾಲೀಕರು ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕಿನ ಪಕ್ಕದಲ್ಲೇ ನಿಂತಿರುತ್ತಿದ್ದರು. ಕಾರ್ಬುರೇಟರ್ ಬಿಚ್ಚಿ ತೊಳೆಯುವುದು, ಪಾಯಿಂಟ್ ಉಜ್ಜುವುದು, ಟ್ಯಾಪೆಟ್ ಸರಿಮಾಡುವುದು, ಗ್ರೀಸ್ ಗನ್ ಹಿಡಿದು ಕಾರಿನಡಿ ತೂರುವುದು ಎಲ್ಲ ಎದುರಿಗೇ ನಡೆಯುತ್ತಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮುಂದೆ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು, ಜೊತೆಗೆ ಸೆನ್ಸರು, ಸ್ಕ್ಯಾನರು. ಕಾರುಗಳು ನಿಸ್ಸಂದೇಹವಾಗಿ ಉತ್ತಮವಾದವು. ಆದರೆ ನಾವು ಗಾಜಿನ ಆಚೆ ಕಾಫಿ ಹಿಡಿದು ಕೂತೆವು. ಬಾನೆಟ್ಟಿನ ಕೆಳಗೆ ಏನು ನಡೆಯುತ್ತದೆಂಬ ಕುತೂಹಲವೂ ಅಲ್ಲೇ ನಿಂತಿತು.

'ನಮ್ಮ ಕಾರು ಓಡೋದೇ ಕಮ್ಮಿ ಸಾರ್, ಸರ್ವಿಸ್ ಯಾಕೆ?' ಎಂದು ಕೇಳುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಈಗಿನ ಬಹಳಷ್ಟು ಪೆಟ್ರೋಲ್ ಕಾರುಗಳಿಗೆ 10,000 ಕಿಲೋಮೀಟರ್ ಇಲ್ಲವೇ ಒಂದು ವರ್ಷ, ಯಾವುದು ಮೊದಲೋ ಅದು ಎಂಬ ಲೆಕ್ಕವಿದೆ. ಆ ವರ್ಷದ ಮಾತು ಸುಮ್ಮನೆ ಸೇರಿಸಿದ್ದಲ್ಲ. ದಿನಾ ಎರಡು ಕಿಲೋಮೀಟರ್ ಹೋಗಿ ತರಕಾರಿ ತರುವ ಕಾರಿನ ಇಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗೆ ಹನಿಗಟ್ಟಿದ ನೀರು, ಉರಿಯದೆ ಉಳಿದ ಪೆಟ್ರೋಲು ಆವಿಯಾಗಿ ಹೋಗದೆ ಆಯಿಲಿನಲ್ಲೇ ಬೆರೆಯುತ್ತವೆ. ಸಿಲ್ಕ್ ಬೋರ್ಡ್ ಸಿಗ್ನಲಿನಲ್ಲಿ ನಿಂತ ಕಾರಿನದು ಇನ್ನೊಂದು ಕಥೆ: ಮೀಟರು ಕದಲುವುದಿಲ್ಲ, ಇಂಜಿನ್ ಮಾತ್ರ ದುಡಿಯುತ್ತಲೇ ಇರುತ್ತದೆ. ಅಂದಹಾಗೆ, ಆಯಿಲ್ ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಇಂಜಿನ್ನಿನ ಮಸಿಯನ್ನು ಎತ್ತಿ ತನ್ನೊಳಗೆ ಇಟ್ಟುಕೊಳ್ಳುವುದೂ ಅದರ ಕೆಲಸವೇ. ಡೀಸೆಲ್ ಕಾರಿನಲ್ಲಂತೂ ಹೊಸ ಆಯಿಲ್ ಬೇಗನೆ ಕಪ್ಪಾಗುತ್ತದೆ.

ನನಗೆ ಇದಕ್ಕಿಂತ ಹೆಚ್ಚು ಚಿಂತೆ ಬ್ರೇಕ್ ಆಯಿಲಿನದು. ಉಪ್ಪಿನಂತೆ ಅದು ಗಾಳಿಯ ತೇವವನ್ನು ಹೀರುತ್ತದೆ. ಮುಚ್ಚಳ ಭದ್ರವಾಗಿದ್ದರೂ ರಬ್ಬರ್ ಹೋಸುಗಳ ಮೂಲಕ ತೇವ ನಿಧಾನವಾಗಿ ಒಳಸೇರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ತೇವ ಕುಡಿದ ಆಯಿಲಿಗೆ ಅದೇ ನಿಯಮ 155ಕ್ಕೆ ಇಳಿಯುತ್ತದೆ. ಊರೊಳಗೆ ಇದರ ವ್ಯತ್ಯಾಸ ತಿಳಿಯುವುದಿಲ್ಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ, ಆಗುಂಬೆಯ ತಿರುವುಗಳಲ್ಲಿ ಕಾಲನ್ನು ಬ್ರೇಕಿನ ಮೇಲೇ ಇಟ್ಟುಕೊಂಡು ಇಳಿಯುವಾಗ ತಿಳಿಯುತ್ತದೆ. ಡಿಸ್ಕ್ ಕಾದು ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಒತ್ತಡ ಚಕ್ರಕ್ಕೆ ಮುಟ್ಟುತ್ತದೆ. ಆವಿಯನ್ನು ಒತ್ತಿದರೆ ಅದು ಬರೀ ಕುಗ್ಗುತ್ತದೆ. ಪೆಡಲು ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂದು ಘಟ್ಟದ ಹಳೆಯ ಡ್ರೈವರುಗಳು ಹೇಳುವುದು ಇದಕ್ಕೇ. ಹಲವು ಕಂಪನಿಗಳು ಎರಡು ವರ್ಷಕ್ಕೊಮ್ಮೆ ಈ ಆಯಿಲ್ ಬದಲಿಸಿ ಎನ್ನುತ್ತವೆ. ಆದರೂ ಜಾಬ್ ಕಾರ್ಡಿನಲ್ಲಿ ಇದು ಬಿಟ್ಟುಹೋಗುವುದೇ ಹೆಚ್ಚು.

ಬಿಟ್ಟುಹೋಗದಿರುವುದು ಇಂಜಿನ್ ಫ್ಲಶ್, ಎಸಿ ಟ್ರೀಟ್‌ಮೆಂಟು, ಅಂಡರ್‌ಬಾಡಿ ಕೋಟಿಂಗುಗಳು. ಎಲ್ಲವೂ ದಂಡ ಎನ್ನಲಾರೆ. ಕಾರವಾರ, ಮಂಗಳೂರಿನ ಉಪ್ಪುಗಾಳಿಯಲ್ಲಿ ಓಡುವ ಕಾರಿಗೆ ಅಡಿಯ ಕೋಟಿಂಗ್ ಒಳ್ಳೆಯದೇ. ಬಳ್ಳಾರಿಯ ಅದಿರು ಧೂಳಿನಲ್ಲಿ ತಿರುಗುವ ಕಾರಿಗೆ ಅದಕ್ಕಿಂತ ಏರ್ ಫಿಲ್ಟರ್ ಮುಖ್ಯ. ಹೇಳಿದ ಅವಧಿಗಿಂತ ಮೊದಲೇ ತೆಗೆಸಿ ನೋಡಬೇಕು. ಯಾವ ಕಾರಿಗೆ ಯಾವುದು, ಯಾವಾಗ ಎಂಬುದು ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಧೂಳು, ಗಿಜಿಗುಡುವ ಟ್ರಾಫಿಕ್ಕಿನಲ್ಲಿ ಓಡುವ ಕಾರುಗಳಿಗೆ ಬೇರೆ ಅವಧಿಯೇ ಅದರಲ್ಲಿರುತ್ತದೆ. ಗ್ಲೌ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರೂ ಹರಿಯದೆ ಮಲಗಿರುವ ಆ ಪುಸ್ತಕ ಅರ್ಧ ಗಂಟೆ ಓದಿದರೆ ಸಾಕು, ಬಿಲ್ಲಿನಲ್ಲಿ ಯಾವುದು ಬೇಕು ಯಾವುದು ಬೇಡ ಎಂಬುದು ಗೊತ್ತಾಗುತ್ತದೆ. ಬದಲಿಸಿದ ಹಳೆಯ ಪಾರ್ಟುಗಳನ್ನು ತೋರಿಸಿ ಎಂದು ಕೇಳುವುದರಲ್ಲೂ ಸಂಕೋಚ ಬೇಡ. ಒಳ್ಳೆಯ ಮೆಕ್ಯಾನಿಕ್ ಅದನ್ನು ಅನುಮಾನವೆಂದು ತಿಳಿಯುವುದಿಲ್ಲ. ಸವೆದ ಬ್ರೇಕ್ ಪ್ಯಾಡ್ ಕೈಗೆ ಕೊಟ್ಟು ಎಲ್ಲಿ ಸವೆದಿದೆ, ಯಾಕೆ ಸವೆದಿದೆ ಎಂದು ಖುಷಿಯಿಂದ ವಿವರಿಸುತ್ತಾನೆ.

ಈ ಸಲ ಕಾರು ಬಿಡುವಾಗ ವಾಶಿಂಗ್ ಬಗ್ಗೆ ಹೇಳುವ ಮೊದಲು ಒಂದು ಮಾತು ಕೇಳಿ: ಬ್ರೇಕ್ ಆಯಿಲ್ ಬದಲಿಸಿ ಎಷ್ಟು ವರ್ಷವಾಯಿತು? ಎರಡು ದಾಟಿದ್ದರೆ ಅಥವಾ ಯಾರಿಗೂ ನೆನಪಿಲ್ಲದಿದ್ದರೆ, ಘಟ್ಟಕ್ಕೆ ಹೊರಡುವ ಮುಂಚೆ ಬದಲಿಸಿ.