ಕಪಾಟಿನಲ್ಲಿದ್ದ ಆಟ

ಸಮ್ಮೇಳನದ ಸ್ಮರಣ ಸಂಚಿಕೆಗೊಂದು ಲೇಖನ ಬರೆದುಕೊಡಬೇಕೆಂದು ಸಂಘದ ಬಂಧುಗಳು ಕೇಳಿದಾಗ, ಗಡಿನಾಡಿನ ಕನ್ನಡದ ಬಗೆಗೋ ವಚನ ಸಾಹಿತ್ಯದ ಬಗೆಗೋ ನಾವು ಬರೆಯುವೆವೆಂದು ಅವರು ಎಣಿಸಿರಬೇಕು. ಈ ಸಲ ನಾವು ವಿಡಿಯೋ ಆಟಗಳ ಬಗೆಗೆ ಬರೆಯುತ್ತಿದ್ದೇವೆ. 34 ವರ್ಷ ಮಕ್ಕಳ ಕೈಯಿಂದ ಇಂಥ ವಸ್ತುಗಳನ್ನು ಕಸಿದುಕೊಳ್ಳುತ್ತ ಬಂದ ಮಾಸ್ತರರಿಗೆ ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಹಳೆಯ ವಿದ್ಯಾರ್ಥಿಗಳು ನಗಬಹುದು. ನಗಲಿ. ಬರೆಯುವುದಕ್ಕೆ ಕಾರಣವಿದೆ.

ಕಳೆದ ದೀಪಾವಳಿಗೆ ಮಕ್ಕಳು, ಮೊಮ್ಮಕ್ಕಳೆಲ್ಲ ಶಹಾಪುರದ ನಮ್ಮ ಮನೆಯಲ್ಲಿ ಕೂಡಿದ್ದರು. 1904ರಲ್ಲಿ ವಿಠ್ಠಲರಾವ್ ದಾತಾರರು ಇಚಲಕರಂಜಿಗೆ ಮೊದಲ ವಿದ್ಯುತ್ ಮಗ್ಗ ತಂದಂದಿನಿಂದ ಈ ಊರು ಮಗ್ಗದ ಸದ್ದಿನಲ್ಲಿಯೇ ಉಂಡು, ಮಲಗಿ, ಎದ್ದು ಬಂದಿದೆ. ಹಬ್ಬದ ದಿನ ಓಣಿಯ ಮಗ್ಗಗಳು ನಿಂತಿದ್ದವು; ಮನೆಯವರ ಮಾತು ಮನೆಯವರಿಗೆ ಕೇಳಿಸುತ್ತಿತ್ತು. ಎಲ್ಲರೂ ಕುಳಿತು ಚಕ್ಕುಲಿ ತಿನ್ನುತ್ತಿರುವಾಗ ಮೊಮ್ಮಗ ಒಂದು ಪ್ರಶ್ನೆ ಹಾಕಿದ: "ಎಲ್ಲಾರೂ ಹೇಳ್ರಿ, ಇಲ್ಲೀತನಕ ಆಡಿದ್ದರಾಗ ನಿಮಗ ಎಲ್ಲಾಕ್ಕಿಂತ ಚಲೋ ಅನಿಸಿದ ವಿಡಿಯೋ ಗೇಮ್ ಯಾವುದು? ಮತ್ತ ಯಾಕ?"

ಆ "ಯಾಕ" ಎಂಬುದು ನಮಗೆ ಹಿಡಿಸಿತು. ಉತ್ತರಕ್ಕೆ ಅರ್ಧ ಅಂಕ, ಕಾರಣಕ್ಕೆ ಅರ್ಧ ಅಂಕ ಎಂದು ನಾವೂ ತರಗತಿಯಲ್ಲಿ ಹೇಳುತ್ತಿದ್ದೆವು.

ಹಿರಿಯ ಮಗ ತಡವಿಲ್ಲದೆ 'ಸೂಪರ್ ಮಾರಿಯೋ' ಎಂದ. ಜಪಾನಿನ ನಿಂಟೆಂಡೋ ಸಂಸ್ಥೆಗಾಗಿ ಶಿಗೆರು ಮಿಯಾಮೊಟೊ ಎಂಬವರು ರೂಪಿಸಿ 1985ರಲ್ಲಿ ಹೊರಬಂದ ಆಟವದು. ನಮ್ಮ ಕಡೆಯ ಮನೆಗಳಿಗೆ ಬಂದದ್ದು ಆ ಯಂತ್ರದ ಅಗ್ಗದ ನಕಲು. ಟಿವಿಗೆ ಜೋಡಿಸಿ, ಕ್ಯಾಸೆಟ್ಟನ್ನು ಬಾಯಿಂದ ಊದಿ ಹಾಕುತ್ತಿದ್ದರು. ಮಗ ಕೊಟ್ಟ ಕಾರಣ ಕೇಳಿ ನಮಗೆ ಆಶ್ಚರ್ಯವಾಯಿತು. "ಅಪ್ಪಾ, ಆ ಆಟದಾಗ ಹಿಂಗ ಆಡು ಅಂತ ಎಲ್ಲೂ ಬರದಿರೂದಿಲ್ಲ. ಸುರುವಿಗೆ ಒಂದು ಸಣ್ಣ ವೈರಿ ಎದುರಿಗೆ ಬರ್ತದ. ಹಾರದಿದ್ರ ಸಾಯ್ತಿ. ಎರಡನೇ ಸಲ ತಾನ ಹಾರ್ತಿ. ಯಾರೂ ಬೈಯೂದಿಲ್ಲ." ಪಾಠವನ್ನು ಹೇಳದೆ ಕಲಿಸುವುದು ಉತ್ತಮ ಶಿಕ್ಷಕನ ಲಕ್ಷಣವೆಂದು ಬಿ.ಎಡ್. ಓದುವಾಗ ನಾವು ಪುಟಗಟ್ಟಲೆ ಬರೆದಿದ್ದೆವು. ಆದರೆ ಅವನ ಕಡೆಯ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು.

ಗಡಹಿಂಗ್ಲಜಕ್ಕೆ ಕೊಟ್ಟ ಮಗಳು ನೋಕಿಯಾ ಫೋನಿನ ಹಾವಿನ ಆಟವನ್ನು ಹೇಳಿದಳು. ಫಿನ್‌ಲ್ಯಾಂಡಿನ ತಾನೆಲಿ ಅರ್ಮಾಂಟೊ ಎಂಬ ಎಂಜಿನಿಯರರು 1997ರ ನೋಕಿಯಾ 6110 ಫೋನಿಗಾಗಿ ಸಿದ್ಧಪಡಿಸಿದ್ದು ಅದು. ಚುಕ್ಕೆಯನ್ನು ನುಂಗಿದಷ್ಟೂ ಹಾವು ಬೆಳೆಯುತ್ತದೆ. ತನ್ನ ಬಾಲವನ್ನೇ ತಾನು ತಾಗಿದರೆ ಆಟ ಮುಗಿಯಿತು. ಅತ್ತೆಯವರನ್ನು ದವಾಖಾನೆಗೆ ಸೇರಿಸಿದ್ದಾಗ ಹನ್ನೆರಡು ರಾತ್ರಿ ಹಾಸಿಗೆಯ ಬದಿಯಲ್ಲಿ ಕುಳಿತು ಅದನ್ನು ಆಡಿದ್ದಳಂತೆ. "ಪುಸ್ತಕ ಓದಿದ್ರ ತಲಿಗೆ ಹತ್ತತಿರಲಿಲ್ಲ. ಇದನ್ನ ಆಡಿದ್ರ ನಿದ್ದಿ ಬರತಿರಲಿಲ್ಲ" ಎಂದಳು. ಆ ಹನ್ನೆರಡು ರಾತ್ರಿಗಳ ವಿಷಯ ಅವಳು ನಮಗೆ ಅದುವರೆಗೆ ಹೇಳಿರಲಿಲ್ಲ.

ಮೊಮ್ಮಗನ ಆಯ್ಕೆ ಎಲ್ಲರಿಗೂ ಗೊತ್ತಿದ್ದುದೇ. ನೂರು ಮಂದಿ ಪ್ಯಾರಾಶೂಟಿನಲ್ಲಿ ದ್ವೀಪವೊಂದಕ್ಕೆ ಇಳಿದು, ಕಡೆಯವರಾಗಿ ಉಳಿಯಲು ಹೋರಾಡುವ ಬಂದೂಕಿನ ಆಟ. ಪಬ್‌ಜಿ ಎಂಬ ಹೆಸರಿನಲ್ಲಿದ್ದಾಗ ಕೇಂದ್ರ ಸರಕಾರ 2020ರ ಸಪ್ಟೆಂಬರಿನಲ್ಲಿ ಅದನ್ನು ನಿಷೇಧಿಸಿತು. ಮರುವರ್ಷ ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ಭಾರತಕ್ಕೆಂದೇ ಮತ್ತೆ ಬಂತು. ನಮಗೆ ಈ ಆಟ ಸೇರುವುದಿಲ್ಲ. ಅತಿಯಾದ ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆಯೇ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹುಡುಗ ತನ್ನ ಕಾರಣ ಹೇಳಿದ: "ಅಜ್ಜಾ, ನಾಲ್ಕು ಮಂದಿ ಒಂದ ತಂಡ. ಗೋಕಾಕದ ತಮ್ಮಾ, ಗಡಹಿಂಗ್ಲಜದ ಅಣ್ಣಾ, ನಾನು, ಇನ್ನೊಬ್ಬ ದೋಸ್ತ. ಅಲ್ಲಿ ನಾವು ಕನ್ನಡದಾಗ ಮಾತಾಡತೀವಿ. ಬ್ಯಾರೇ ತಂಡದವರಿಗೆ ತಿಳಿಯೂದಿಲ್ಲ!"

ಹುಡುಗ ಓದುವುದು ಪುಣೆಯ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ. ಗೆಳೆಯರೊಡನೆ ಮರಾಠಿ, ಹಿಂದಿ. ಅವನಿಗೆ ಕನ್ನಡ ಕಲಿಸಲೆಂದು ನಾವು ತಂದುಕೊಟ್ಟ ಅಂಕಲಿಪಿಗಳು ಇನ್ನೂ ಹೊಸದಾಗಿಯೇ ಇವೆ. "ಗ್ವಾಡಿ ಹಿಂದ ನಿಲ್ಲೋ", "ಬಲಕ್ಕ ಬಾ" ಎಂಬ ಕನ್ನಡ ಅವನ ನಾಲಗೆಗೆ ಬಂದದ್ದು ಆ ದ್ವೀಪದ ಮೇಲೆ. ನಾವು ತೆರೆದ ಬಾಯಿ ಮುಚ್ಚಿದೆವು.

"ಅಜ್ಜಾ, ಈಗ ನಿಮ್ಮದು ಹೇಳ್ರಿ" ಎಂದ.

ನಾವು ಎದ್ದು ಒಳಗಿನ ಕಪಾಟಿನಿಂದ ಒಂದು ವಸ್ತುವನ್ನು ತಂದು ಇಟ್ಟೆವು. ಅಂಗೈಯಷ್ಟು ದೊಡ್ಡ, ಬೂದು ಬಣ್ಣದ, ಎರಡು ಪೆನ್ಸಿಲ್ ಸೆಲ್ಲಿನ ಇಟ್ಟಿಗೆಯಾಟದ ಯಂತ್ರ. 1999ರಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬನ ಕೈಯಿಂದ ನಾವು ಕಸಿದುಕೊಂಡದ್ದು. ತಂದೆಯನ್ನು ಕರೆತಂದರೆ ಕೊಡುತ್ತೇವೆ ಎಂದಿದ್ದೆವು. ಅದು ನಮ್ಮ ನಿಯಮ. ಅವನ ತಂದೆ ಮಗ್ಗದಲ್ಲಿ ಹನ್ನೆರಡು ತಾಸಿನ ಪಾಳಿ ಮಾಡುವವರು. ಶಾಲೆಗೆ ಬಂದರೆ ಆ ದಿನದ ಕೂಲಿ ಹೋದಂತೆ. ಅವರು ಬರಲಿಲ್ಲ. ಹುಡುಗ ಮರುವರ್ಷ ಶಾಲೆಗೇ ಬರಲಿಲ್ಲ. ಮಗ್ಗಕ್ಕೆ ಹೋದನೆಂದು ಕೇಳಿದೆವು. ಈ ಊರಿನಲ್ಲಿ ಅದು ಹೊಸ ಸುದ್ದಿಯಲ್ಲ. ನಾವೂ ಹೆಚ್ಚು ವಿಚಾರಿಸಲಿಲ್ಲ.

ಮೂರು ವರ್ಷಗಳ ಹಿಂದೆ ಅವನು ಭೇಟಿಯಾದ. ಈಗ ಮಗ್ಗ ದುರಸ್ತಿ ಮಾಡುವ ಜಾಬರ್. ಮನೆಗೆ ಕರೆದು ಚಹ ಕೊಟ್ಟು, ಯಂತ್ರವನ್ನು ಮುಂದಿಟ್ಟೆವು. ಅವನು ಅದನ್ನು ತಿರುವಿ ತಿರುವಿ ನೋಡಿ ನಕ್ಕ.

"ಇದು ನಂದಲ್ರಿ ಸರ್. ಬಾಜೂ ಮನಿ ಹುಡುಗಂದು. ಒಂದ ದಿನಕ್ಕಂತ ಇಸ್ಕೊಂಡು ಬಂದಿದ್ದೆ."

"ಹಂಗಾದ್ರ ಅವನಿಗೆ ಏನ ಕೊಟ್ಟಿ?"

"ಎಂಬತ್ತು ರೂಪಾಯಿ ಕೊಡಬೇಕಾತ್ರಿ. ಸಾಲಿ ಬಿಟ್ಟ ಮ್ಯಾಲ ಕಾಂಡಿ ಸುತ್ತಾಕ ಹೋಗಿ ತೀರಿಸಿದೆ. ಆಮ್ಯಾಲ ಅದ ರೂಢಿ ಆತು."

ಈ ಮಾತನ್ನು ಅವನು ದೂರಿನಂತೆ ಹೇಳಲಿಲ್ಲ. ಬಡತನವಿತ್ತು, ತಂಗಿಯರಿದ್ದರು, ಹೇಗಿದ್ದರೂ ಶಾಲೆ ಬಿಡುತ್ತಿದ್ದೆ ಎಂದು ತಾನೇ ನಮ್ಮನ್ನು ಸಮಾಧಾನಪಡಿಸಿದ. ಹಾಗೆಯೇ ಇದ್ದಿರಬಹುದು. ಆದರೆ ಅಂದು ನಾವು "ಇದು ಯಾರದು? ಯಾಕೆ ತಂದೆ?" ಎಂದು ಒಂದು ಮಾತು ಕೇಳಿದ್ದರೆ ಅವನು ಆ ಎಂಬತ್ತು ರೂಪಾಯಿಗಾಗಿ ಕಾಂಡಿ ಯಂತ್ರದ ಮುಂದೆ ನಿಲ್ಲಬೇಕಾಗುತ್ತಿರಲಿಲ್ಲ. ಕಾರಣಕ್ಕೆ ಅರ್ಧ ಅಂಕ ಕೊಡುತ್ತಿದ್ದ ಮಾಸ್ತರರು ಅಂದು ಕಾರಣವನ್ನೇ ಕೇಳಿರಲಿಲ್ಲ.

ಯಂತ್ರವನ್ನು ಅವನು ಒಯ್ಯಲಿಲ್ಲ. "ನಿಮ್ಮ ಮೊಮ್ಮಗಗ ಕೊಡ್ರಿ" ಎಂದು ಹೇಳಿ ಹೋದ.

ಇಷ್ಟು ಹೇಳಿ ಮುಗಿಸಿದಾಗ ಯಾರೂ ಮಾತಾಡಲಿಲ್ಲ. ಮೊಮ್ಮಗ ಗೋಡೆಯ ಗಡಿಯಾರದ ಸೆಲ್ಲನ್ನೂ ಟಿವಿ ರಿಮೋಟಿನ ಒಂದು ಸೆಲ್ಲನ್ನೂ ತೆಗೆದು ಅದಕ್ಕೆ ಹಾಕಿದ. ಪರದೆ ಬೆಳಗಿತು. ಇದರ ಮೂಲ 'ಟೆಟ್ರಿಸ್' ಎಂಬ ಆಟ. 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಾಜಿತ್ನೋವ್ ರಚಿಸಿದರು. ನಾಲ್ಕು ನಾಲ್ಕು ಚೌಕಗಳ ಏಳು ಆಕೃತಿಗಳು ಮೇಲಿನಿಂದ ಬೀಳುತ್ತವೆ. ಸಂದಿಲ್ಲದಂತೆ ಸಾಲು ತುಂಬಿದರೆ ಆ ಸಾಲು ಅಳಿಯುತ್ತದೆ. ಬಿಟ್ಟ ಸಂದುಗಳು ಹಾಗೆಯೇ ಉಳಿದು ಮೇಲೇರುತ್ತವೆ. ನೇಯ್ಗೆಯ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಮೊಮ್ಮಗನಿಗೆ ಇನ್ನೊಂದು ಸಂಗತಿ ಹೇಳಿದೆವು. 1804ರ ಸುಮಾರಿಗೆ ಫ್ರಾನ್ಸಿನ ಲಿಯೋನ್ ನಗರದಲ್ಲಿ ಜಕಾರ್ಡ್ ಎಂಬವರು ರಂಧ್ರ ಕೊರೆದ ಕಾರ್ಡುಗಳಿಂದ ಮಗ್ಗಕ್ಕೆ ವಿನ್ಯಾಸ ಹೇಳಿಕೊಟ್ಟರು. ಇಂಗ್ಲೆಂಡಿನ ಬ್ಯಾಬೇಜ್ ತಮ್ಮ ಗಣಕಯಂತ್ರದ ಯೋಜನೆಗೆ ಅದೇ ಕಾರ್ಡುಗಳನ್ನು ತೆಗೆದುಕೊಂಡರು. ನಿನ್ನ ಫೋನಿನೊಳಗಿನ ಆಟಕ್ಕೂ ನಮ್ಮ ಓಣಿಯ ಮಗ್ಗಕ್ಕೂ ಹಳೆಯ ನಂಟಿದೆ. ಆ ಜಾಬರ್ ದಿನವೂ ಸರಿಪಡಿಸುವುದು ಅಂಥದೇ ಯಂತ್ರವನ್ನು ಎಂದೆವು. ಅವನು ಕಿಟಕಿಯಿಂದ ಹೊರಗೆ ನೋಡಿದ.

ನಂತರ ಯಂತ್ರವನ್ನು ನಮ್ಮ ಕೈಗೆ ಕೊಟ್ಟ. ಎರಡು ನಿಮಿಷದಲ್ಲಿ ಇಟ್ಟಿಗೆಗಳು ತುದಿ ಮುಟ್ಟಿ ಆಟ ಮುಗಿಯಿತು. "ಅಜ್ಜಾ, ಇನ್ನೊಂದ ಸಲ ಆಡ್ರಿ" ಎಂದ. ಆಡಿದೆವು. ನಮ್ಮ ಪಾಲಿಗೆ ಎಲ್ಲ ಕಾಲಕ್ಕೂ ದೊಡ್ಡ ಆಟ ಇದೇ.

ಈ ಸಂಚಿಕೆಯನ್ನು ಮನೆಗೆ ಒಯ್ಯುವ ತಾಯಿ ತಂದೆಯರಲ್ಲಿ, ಶಿಕ್ಷಕ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಮಕ್ಕಳ ಕೈಯಿಂದ ಫೋನು ಕಸಿಯಬೇಕಾದ ಹೊತ್ತು ಬಂದೇ ಬರುತ್ತದೆ, ಕಸಿಯಿರಿ. ಅದಕ್ಕೆ ಮೊದಲು ಒಂದು ಗಳಿಗೆ ಹತ್ತಿರ ಕುಳಿತು, ಯಾವ ಆಟ, ಯಾರೊಡನೆ, ಯಾಕೆ ಎಂದು ಕೇಳಿರಿ. ಸಮ್ಮೇಳನವು ಯಶಸ್ವಿಯಾಗಲೆಂದು ಹಾರೈಸುತ್ತೇವೆ.