ದಿನ ನೋಡಿ ಬದಲಾಗುವ ಬಟ್ಟೆ

ಮುಂಬಯಿಯ ಕೋಟೆ ಪ್ರದೇಶದಲ್ಲಿ ಆಂಗ್ಲಿಕನ್ನರು ಕಟ್ಟಿದ ಸೇಂಟ್ ಥಾಮಸ್ ಕೆಥೆಡ್ರಲ್ ಬಾಗಿಲು ತೆರೆದದ್ದು 1718ರ ಕ್ರಿಸ್‌ಮಸ್ಸಿಗೆ. ಚರ್ಚ್‌ಗೇಟಿಗೆ ಆ ಹೆಸರು ಬಂದದ್ದೂ ಇದರಿಂದಲೇ. ಜೀರ್ಣೋದ್ಧಾರಕ್ಕೆ 2004ರಲ್ಲಿ ಯುನೆಸ್ಕೊ ಪ್ರಶಸ್ತಿ ಬಂದಾಗ, ಇನ್ನು ಇದು ಮ್ಯೂಸಿಯಂ ಆಗಿಬಿಡುತ್ತದೇನೋ ಎಂಬ ಅಳುಕು ನನಗೆ. ಆಫೀಸು ಹತ್ತಿರವಿತ್ತು, ಮುಂದಿನ ಒಂದು ವರ್ಷ ಊಟದ ಬಿಡುವಿನಲ್ಲಿ ಆಗಾಗ ಹೋಗಿ ಕೂತೆ.

ತಪಸ್ಸುಕಾಲದಲ್ಲಿ ಬಲಿಪೀಠಕ್ಕೆ ನೇರಳೆ ವಸ್ತ್ರ, ಈಸ್ಟರಿಗೆ ಬಿಳಿ, ಪೆಂತಕೋಸ್ತಿಗೆ ಕೆಂಪು, ಮಳೆಗಾಲದುದ್ದಕ್ಕೂ ಹಸಿರು. ಪ್ರವಾಸಿಗರು ಗೋಡೆಯ ಅಮೃತಶಿಲೆಗಳ ಮೇಲೆ, ಇಲ್ಲಿಗೆ ಬಂದು ಎಳೆವಯಸ್ಸಿಗೇ ತೀರಿಕೊಂಡ ಇಂಗ್ಲಿಷರ ಹೆಸರು ಓದಿ, ಫೋಟೊ ತೆಗೆದು ಹೋಗುತ್ತಿದ್ದರು. ಭಾನುವಾರದ ಬೆಂಚುಗಳು ಮಾತ್ರ ಇದೇ ಊರಿನವರದು.

ಡಿಸೆಂಬರಿಗೆ ಮತ್ತೆ ನೇರಳೆ ಬಂತು. ನನ್ನ ಅಳುಕು ಹೋಯಿತು. ಮ್ಯೂಸಿಯಮ್ಮಿನಲ್ಲಿ ಯಾರೂ ದಿನ ನೋಡಿ ಬಟ್ಟೆ ಬದಲಿಸುವುದಿಲ್ಲ.