ಹದಿನೈದು ಸುತ್ತಿನ ಬಿಗಿ

ಮನೆಯಲ್ಲೊಂದು ವಾಹನವಿದ್ದರೆ ಅದರ ಎಣ್ಣೆ, ನೀರು, ಗಾಲಿಯ ಗಾಳಿ ಇವುಗಳ ಕಡೆಗೆ ನಾವೆಲ್ಲರೂ ಅಷ್ಟಿಷ್ಟು ಗಮನ ಕೊಡುತ್ತೇವೆ. ಆದರೆ ಎಂಜಿನ್ನಿನ ಹೆಡ್ಡಿನಲ್ಲಿ ಕಿರುಬೆರಳು ತೂರುವಷ್ಟು ಅಗಲದ ಒಂದು ರಂಧ್ರವಿದೆ, ಅದರ ಒಳಗೋಡೆಯಲ್ಲಿ ಕೊರೆದ ತಿರುಪಿನ ಸುತ್ತುಗಳಿವೆ, ಸ್ಪಾರ್ಕ್ ಪ್ಲಗ್ಗು ನಿಂತಿರುವುದು ಆ ಸುತ್ತುಗಳ ಬಲದ ಮೇಲೆಯೇ ಎಂಬುದು ಬಹುಮಂದಿಗೆ ಹೊಳೆಯುವುದೇ ಇಲ್ಲ. ಮೆಕ್ಯಾನಿಕರು ಇದನ್ನೇ ‘ಥ್ರೆಡ್ಡು’ ಎನ್ನುತ್ತಾರೆ. ಈ ಥ್ರೆಡ್ಡು ಕೆಟ್ಟಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಈಚೆಗೆ ನಮ್ಮ ಅನುಭವಕ್ಕೆ ಬಂದಿತು. ಹಳೆಯ ಕಾರನ್ನು ಜತನದಿಂದ ಇಟ್ಟುಕೊಂಡಿರುವ ಇತರ ಕುಟುಂಬಗಳಿಗೂ ಉಪಯೋಗವಾದೀತೆಂದು ಅದನ್ನಿಲ್ಲಿ ನಿವೇದಿಸಿಕೊಳ್ಳುತ್ತಿದ್ದೇವೆ.

ನಮ್ಮ ತೀರ್ಥರೂಪರು ಮಾಸ್ತರಿಕೆಯಿಂದ ನಿವೃತ್ತರಾದಾಗ ಬಂದ ಹಣದಲ್ಲಿ 1999ರಲ್ಲಿ ಒಂದು ಮಾರುತಿ 800 ಕಾರನ್ನು ಕೊಂಡರು. ಆ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಅದಕ್ಕೂ ಮೊದಲೇ ತೀರ್ಥರೂಪರು ಲಿಂಗೈಕ್ಯರಾದರು. ಈಗ ಆ ಕಾರಿನ ಮುಖ್ಯ ಕೆಲಸವೆಂದರೆ ನಮ್ಮ ಮಾತೋಶ್ರೀಯವರನ್ನು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದೊಯ್ಯುವುದು. ಮೊಣಕಾಲು ನೋವಿನ ಅವರಿಗೆ ಬೇರೆ ಗಾಡಿಗಳನ್ನು ಹತ್ತಿ ಇಳಿಯುವುದಕ್ಕಿಂತ ಇದೇ ಸಲೀಸು. ರೂಢಿಯಾದದ್ದು ಎಂಬ ಕಾರಣವೂ ಅದರ ಹಿಂದೆ ಇದೆ.

ಕಳೆದ ಬೇಸಿಗೆಯಲ್ಲಿ ಎಂಜಿನ್ನಿನಿಂದ ‘ಫಸ್ ಫಸ್’ ಎಂಬ ಸದ್ದು ಕೇಳಿಬರತೊಡಗಿತು. ಏರಿನಲ್ಲಿ ಗಾಡಿ ಎಳೆಯುತ್ತಿರಲಿಲ್ಲ. ನಿಂತಲ್ಲಿ ನಡುಗುತ್ತಿತ್ತು. ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಸಿಲಿಂಡರು ಸರಿಯಾಗಿ ದುಡಿಯದಿದ್ದರೆ ಹೀಗಾಗುವುದು ಸಹಜ. ಒಂದು ವರ್ಕ್‌ಶಾಪಿನಲ್ಲಿ ನಡುವಿನ ಪ್ಲಗ್ಗನ್ನು ಬಿಚ್ಚಿದಾಗ ಅದರ ತಿರುಪಿನ ಸಂದುಗಳಲ್ಲಿ ಬೆಳ್ಳಗಿನ ಅಲ್ಯೂಮಿನಿಯಮ್ ಚೂರುಗಳು ಅಂಟಿಕೊಂಡಿದ್ದವು. ಹಿಂದೆ ಯಾವುದೋ ಅಂಗಡಿಯಲ್ಲಿ ಪ್ಲಗ್ಗು ಬದಲಿಸುವಾಗ ಅದನ್ನು ಓರೆಯಾಗಿ ಕೂರಿಸಿ ಪಾನಾದಿಂದ ಬಲವಂತವಾಗಿ ತಿರುಗಿಸಿದ್ದರೆಂಬುದು ಆಗ ತಿಳಿಯಿತು. “ಹೆಡ್ಡು ಬದಲಿಸಬೇಕು. ಈ ವಯಸ್ಸಿನ ಗಾಡಿಗೆ ಅಷ್ಟು ಖರ್ಚು ಯಾಕೆ? ಗುಜರಿಗೆ ಕೊಟ್ಟುಬಿಡಿ” ಎಂದರು ವರ್ಕ್‌ಶಾಪಿನವರು. ಮನೆಗೆ ಬಂದು ಹೇಳಿದಾಗ ಮಾತೋಶ್ರೀಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇನ್ನೊಬ್ರಿಗೆ ತೋರಿಸಪ್ಪ, ಆಮೇಲೆ ಮಾರೋ ಮಾತು” ಎಂದಷ್ಟೇ ಅಂದರು.

ಊರಿನ ಹಳೆಯ ಲೇತ್ ಅಂಗಡಿಯ ಹಿರಿಯ ಮೇಸ್ತ್ರಿಗಳ ಬಳಿಗೆ ಹೋದೆವು. ಅವರು ಬ್ಯಾಟರಿ ಹಿಡಿದು ರಂಧ್ರದೊಳಗೆ ಇಣುಕಿ ನೋಡಿ, “ಯಜಮಾನ್ರೇ, ಎಂಜಿನ್ ಹೋಗಿಲ್ಲ, ಥ್ರೆಡ್ ಹೋಗೈತಿ. ಬುಷ್ ಹಾಕಿದ್ರೆ ಮೊದ್ಲಿಗಿಂತ ಗಟ್ಟಿ ಆಗ್ತೈತಿ” ಎಂದರು. ಈ ಮಾತನ್ನು ನಂಬುವುದು ಹೇಗೆ? ಕೆಟ್ಟದ್ದು ಮೊದಲಿಗಿಂತ ಗಟ್ಟಿಯಾಗುವುದುಂಟೇ? ಈ ಸಂದೇಹವನ್ನು ಮುಚ್ಚಿಡದೆ ಕೇಳಿದೆವು. ಅವರು ಬೇಸರಪಡದೆ ವಿವರಿಸಿದರು.

ಪ್ಲಗ್ಗಿನ ತಿರುಪು 14 ಮಿಲಿಮೀಟರ್ ವ್ಯಾಸದ್ದು, ಸುಮಾರು 19 ಮಿಲಿಮೀಟರ್ ಉದ್ದದ್ದು. ಒಂದು ಸುತ್ತಿನಿಂದ ಮತ್ತೊಂದು ಸುತ್ತಿಗೆ 1.25 ಮಿಲಿಮೀಟರ್ ಅಂತರ. ಲೆಕ್ಕ ಹಾಕಿದರೆ ಹೆಚ್ಚುಕಡಮೆ ಹದಿನೈದು ಸುತ್ತುಗಳಾಗುತ್ತವೆ. ಒಳಗೆ ಇಂಧನ ಉರಿದಾಗ ಒತ್ತಡವು ವಾತಾವರಣದ ನಲವತ್ತು ಪಟ್ಟು ಏರಿತೆಂದು ಇಟ್ಟುಕೊಂಡರೂ ಆ ಚಿಕ್ಕ ಪ್ಲಗ್ಗನ್ನು ಹೊರಕ್ಕೆ ತಳ್ಳುವ ಬಲ ಸುಮಾರು 60 ಕಿಲೋಗ್ರಾಂ ತೂಕಕ್ಕೆ ಸಮ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಈ ಪೆಟ್ಟು ಸೆಕೆಂಡಿಗೆ 25 ಬಾರಿ ಬೀಳುತ್ತದೆ. ಪ್ಲಗ್ಗು ತನ್ನ ಕಾವನ್ನು ಹೆಡ್ಡಿಗೆ ದಾಟಿಸುವುದೂ ಇದೇ ಸುತ್ತುಗಳ ಮತ್ತು ವಾಷರಿನ ಮೂಲಕ. ಆದುದರಿಂದ ಬಿಗಿ ತಪ್ಪಿದ ಪ್ಲಗ್ಗು ಸೋರುವುದಲ್ಲದೆ ಮಿತಿಮೀರಿ ಕಾಯುತ್ತದೆ. ಕೊನೆಗೊಂದು ದಿನ ಕಿತ್ತುಕೊಂಡು ಹಾರಿಯೂ ಹೋಗಬಹುದು.

ಹಳೆಯ ಅಂಬಾಸಿಡರ್ ಪೆಟ್ರೋಲ್ ಎಂಜಿನ್ನಿನ ಹೆಡ್ಡು ಬೀಡುಕಬ್ಬಿಣದ್ದು. ಮಾರುತಿಯದು ಅಲ್ಯೂಮಿನಿಯಮ್ಮಿನದು. ಅಲ್ಯೂಮಿನಿಯಮ್ಮಿನ ತೂಕ ಕಬ್ಬಿಣದ ಸುಮಾರು ಮೂರನೆಯ ಒಂದು ಪಾಲು. ಕಾವನ್ನೂ ಅದು ಬೇಗ ಹರಡುತ್ತದೆ. ಆದರೆ ಮೆದು. ಉಕ್ಕಿನ ಪ್ಲಗ್ಗು ಓರೆಯಾಗಿ ಹೊಕ್ಕರೆ ಗಟ್ಟಿಯಾದ ಪ್ಲಗ್ಗಿಗೆ ಏನೂ ಆಗುವುದಿಲ್ಲ, ಮೆದುವಾದ ಹೆಡ್ಡೇ ಹರಿದುಹೋಗುತ್ತದೆ. ಹರಿದ ಜಾಗದಲ್ಲಿ ಉಕ್ಕಿನ ಬುಷ್ಷನ್ನು ಕೂರಿಸಿದರೆ ಇನ್ನುಮುಂದೆ ಪ್ಲಗ್ಗು ಉಜ್ಜುವುದು ಉಕ್ಕಿನ ಮೇಲೆಯೇ ಹೊರತು ಅಲ್ಯೂಮಿನಿಯಮ್ಮಿನ ಮೇಲಲ್ಲ. ಬುಷ್ಷಿನ ಹೊರಮೈ ದೊಡ್ಡದಾದ್ದರಿಂದ ಹೆಡ್ಡನ್ನು ಹಿಡಿದುಕೊಳ್ಳುವ ಜಾಗವೂ ಹೆಚ್ಚು. ಮೇಸ್ತ್ರಿಗಳ ಮಾತಿನ ಮರ್ಮ ಇಷ್ಟೇ ಆಗಿತ್ತು.

ಮರುದಿನ ಮುಂಜಾನೆ ತಣ್ಣಗಿದ್ದ ಎಂಜಿನ್ನಿನ ಮೇಲೆ ಕೆಲಸ ಆರಂಭವಾಯಿತು. ಮೊದಲು ರಂಧ್ರದ ಸುತ್ತಲಿನ ಧೂಳನ್ನು ಗಾಳಿ ಹೊಡೆದು ತೆಗೆದರು. ಟ್ಯಾಪು ತಗಲಬಾರದೆಂದು ಆ ಸಿಲಿಂಡರಿನ ಪಿಸ್ಟನ್ನನ್ನು ಕೆಳಕ್ಕೆ ಇಳಿಸಿದರು. ಹೊಸ ಥ್ರೆಡ್ಡು ಕೊರೆಯುವ ಟ್ಯಾಪಿನ ಗಾಡಿಗಳಿಗೆಲ್ಲ ದಪ್ಪನಾಗಿ ಗ್ರೀಸು ತುಂಬಿದರು. ಕೊರೆದ ಚೂರು ಒಳಗೆ ಬೀಳದೆ ಗ್ರೀಸಿಗೆ ಅಂಟಲೆಂದು ಈ ಉಪಾಯ. ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ, ನಡುನಡುವೆ ಟ್ಯಾಪನ್ನು ಹೊರತೆಗೆದು ಒರೆಸಿ ಮತ್ತೆ ಹೊಸ ಗ್ರೀಸು. ಟ್ಯಾಪು ನೆಟ್ಟಗೆ ನಿಂತಿದೆಯೇ ಎಂದು ಎರಡು ಕಡೆಯಿಂದಲೂ ನೋಡುತ್ತಿದ್ದರು. ಹಳೆಯ ರಂಧ್ರಕ್ಕೆ ಹೊಸದು ಓರೆಯಾದರೆ ಪ್ಲಗ್ಗಿನ ವಾಷರು ಸಮವಾಗಿ ಕೂರುವುದಿಲ್ಲವೆಂಬುದು ಅವರ ಎಚ್ಚರ.

ಇಲ್ಲಿ ಎರಡು ಬಗೆಯ ಸಾಧನಗಳುಂಟು. ಒಂದು, ಸ್ಟೇನ್‌ಲೆಸ್ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿದ ಹೆಲಿಕಾಯಿಲ್. ಇನ್ನೊಂದು, ಒಳಗೂ ಹೊರಗೂ ಥ್ರೆಡ್ಡಿರುವ ಗಟ್ಟಿ ಉಕ್ಕಿನ ಬುಷ್ಷು. ಮೇಲುತುದಿಯಲ್ಲಿ ಅಂಚಿರುವ ಬುಷ್ಷು ಕೆಳಕ್ಕೆ ಜಾರದು. ನಮ್ಮ ಗಾಡಿಗೆ ಮೇಸ್ತ್ರಿಗಳು ಆರಿಸಿಕೊಂಡದ್ದು ಬುಷ್ಷನ್ನೇ. ಅದರ ಉದ್ದವನ್ನು ಅಳೆದು ನೋಡಿಯೇ ಕೂರಿಸಿದರು. ಬುಷ್ಷಿನ ತುದಿ ಉರಿಯುವ ಕೋಣೆಯೊಳಕ್ಕೆ ಚಾಚಿಕೊಂಡರೆ ಅದು ಕೆಂಡದಂತೆ ಕಾದು, ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ನಿಗೆ ಹಾನಿಯಾಗುತ್ತದೆ.

ಆನಂತರ ಸಣ್ಣ ಕೊಳವೆಯಿಂದ ಉಳಿದ ಚೂರುಗಳನ್ನು ಹೀರಿ ತೆಗೆದರು. ಇಗ್ನಿಷನ್ ತಂತಿ ಬೇರ್ಪಡಿಸಿ, ಪ್ಲಗ್ಗಿಲ್ಲದೆಯೇ ಎಂಜಿನ್ನನ್ನು ಒಂದೆರಡು ಕ್ಷಣ ತಿರುಗಿಸಿ, ಅಡಗಿದ್ದ ಚೂರೂ ಹೊರಬೀಳುವಂತೆ ಮಾಡಿದರು. ಕೊನೆಗೆ ಹೊಸ ಪ್ಲಗ್ಗಿನ ತಲೆಗೆ ಒಂದು ರಬ್ಬರ್ ಪೈಪಿನ ತುಂಡು ಸಿಕ್ಕಿಸಿ, ಆ ಪೈಪನ್ನೇ ಬೆರಳಿನಿಂದ ತಿರುಗಿಸಿದರು. “ಥ್ರೆಡ್ ಓರೆ ಹಿಡಿದ್ರೆ ಪೈಪು ಜಾರ್ತೈತಿ, ಪಾನಾ ಆದ್ರೆ ಜಾರಲ್ಲ, ಹರಿದೇ ಹಾಕ್ತೈತಿ” ಎಂದರು. ಪ್ಲಗ್ಗು ಕೊನೆಯವರೆಗೆ ಬೆರಳಿಗೇ ಸಲೀಸಾಗಿ ಇಳಿಯಿತು. ಪಾನಾ ಕೈಗೆತ್ತಿಕೊಂಡದ್ದು ಆಮೇಲೆಯೇ.

ಮಧ್ಯಾಹ್ನದ ಹೊತ್ತಿಗೆ ಎಂಜಿನ್ನು ಮೂರು ಸಿಲಿಂಡರುಗಳಲ್ಲೂ ಒಂದೇ ಸದ್ದಿನಲ್ಲಿ ನಡೆಯಿತು. ಆದ ಖರ್ಚು ಹೊಸ ಹೆಡ್ಡಿಗೆ ಕೇಳಿದ್ದರ ಒಂದು ಸಣ್ಣ ಪಾಲು. ಆ ತಿಂಗಳ ಆಸ್ಪತ್ರೆಯ ದಿನವೂ ತಪ್ಪಲಿಲ್ಲ. ಇಂಥ ದುರಸ್ತಿಯನ್ನು ಬಡವರ ತೇಪೆಯೆಂದು ಹಗುರವಾಗಿ ಕಾಣಬೇಕಾಗಿಲ್ಲ. ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಕೆಲವು ದೊಡ್ಡ ಎಂಜಿನ್ನುಗಳಲ್ಲಿ ಪ್ಲಗ್ಗಿನ ಥ್ರೆಡ್ಡು ಕಿತ್ತುಬರುವ ದೂರು ಬಂದಾಗ, ಹೆಡ್ಡಿಗೆ ಬುಷ್ಷು ಹಾಕುವ ಕ್ರಮವನ್ನು 2007ರಲ್ಲಿ ಆ ಕಂಪನಿಯೇ ತನ್ನ ಮೆಕ್ಯಾನಿಕರಿಗೆ ಒಪ್ಪಿ ತಿಳಿಸಿತು.

ಓದುಗ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟು. ಎಂಜಿನ್ನು ಬಿಸಿಯಿರುವಾಗ ಪ್ಲಗ್ಗು ಬಿಚ್ಚಲು ಬಿಡಬೇಡಿ. ಮೊದಲ ಸುತ್ತುಗಳು ಬೆರಳಿನಿಂದಲೇ ಹೋಗಲಿ. ವಾಷರಿರುವ 14 ಮಿಲಿಮೀಟರಿನ ಹೊಸ ಪ್ಲಗ್ಗಿಗೆ ಬೆರಳ ಬಿಗಿಯ ನಂತರ ಅರ್ಧದಿಂದ ಮೂರನೆಯ ಎರಡು ಸುತ್ತು ಸಾಕು. ಅಳೆಯುವ ಪಾನಾ ಇದ್ದರೆ 25ರಿಂದ 30 ನ್ಯೂಟನ್ ಮೀಟರ್. ಬಳಸಿದ ಪ್ಲಗ್ಗನ್ನೇ ಮತ್ತೆ ಹಾಕುವಾಗ ವಾಷರು ಮೊದಲೇ ಚಪ್ಪಟೆಯಾಗಿರುವುದರಿಂದ ಸುತ್ತಿನ ಹನ್ನೆರಡನೆಯ ಒಂದು ಭಾಗವಷ್ಟೇ ಬೇಕು. ಬಿಗಿ ಹೆಚ್ಚಿದಷ್ಟೂ ಭದ್ರವೆಂಬುದು ಇಲ್ಲಿ ಸಲ್ಲದು. ಥ್ರೆಡ್ಡು ಸ್ವಲ್ಪವೇ ನಲುಗಿದ್ದರೆ ಅದನ್ನು ಶುದ್ಧಗೊಳಿಸುವ ಟ್ಯಾಪೊಂದೇ ಸಾಕಾದೀತು, ಪೂರ್ತಿ ಹೋಗಿದ್ದರೆ ಬುಷ್ಷು ಬೇಕು, ಅಂಟು ಹಚ್ಚಿ ಕೂರಿಸುವ ಉಪಾಯಕ್ಕೆ ಮಾತ್ರ ಒಪ್ಪಬೇಡಿ. ಹೆಡ್ಡು ಬಿರುಕು ಬಿಟ್ಟಿದ್ದರೆ ಆ ಮಾತೇ ಬೇರೆ, ಆಗ ಬದಲಿಸುವುದೇ ಸರಿ. ಆದುದರಿಂದ ಹೆಡ್ಡು ಬದಲಿಸಬೇಕೆಂದು ಯಾರಾದರೂ ಹೇಳಿದರೆ, “ಬಿರುಕು ಬಿಟ್ಟಿದೆಯೇ, ಥ್ರೆಡ್ಡು ಮಾತ್ರ ಹೋಗಿದೆಯೇ?” ಎಂಬ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ, ಆ ಜಾಗವನ್ನು ನಿಮ್ಮ ಕಣ್ಣಿಗೂ ತೋರಿಸುವಂತೆ ಹೇಳಿ.